ಹಿಂದಿನ ಸೀಟಿನವರ ಪರವಾಗಿ

ಬೆಂಗಳೂರಿನಿಂದ ಊರಿಗೆ ಕಾರಿನಲ್ಲಿ ಹೊರಡುವ, ಎಳೆಯ ಮಕ್ಕಳ ಅಪ್ಪ-ಅಮ್ಮಂದಿರಿಗೆ,



ನಿಮ್ಮಲ್ಲಿ ಬಹಳ ಜನರನ್ನು ನಾನು ನೋಡಿದ್ದೇನೆ, ಹೆಸರು ಮಾತ್ರ ಗೊತ್ತಿಲ್ಲ. ನೆಲಮಂಗಲದ ಟೋಲ್‌ನಲ್ಲಿ ಪಕ್ಕದ ಸಾಲಿನಲ್ಲಿ ನಿಂತಿರುತ್ತೀರಿ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದು ಖಾಲಿ ಟೇಬಲ್ ಹುಡುಕುತ್ತಿರುತ್ತೀರಿ. ಮಾರನಹಳ್ಳಿ ದಾಟಿದ ಮೇಲೆ ರಸ್ತೆ ಬದಿಗೆ ಕಾರು ನಿಲ್ಲಿಸಿ, ಬಗ್ಗಿದ ಪುಟ್ಟ ಬೆನ್ನು ಸವರುತ್ತಾ ನೀರಿನ ಬಾಟಲಿ ಹಿಡಿದು ನಿಂತಿರುತ್ತೀರಿ. ನಾಲ್ಕು ತಿರುವು ಹಿಂದೆ ನಾನೂ ಹಾಗೆಯೇ ನಿಂತಿರುತ್ತೇನೆ. ನಮ್ಮ ಮನೆ ವಿಜಯನಗರದಲ್ಲಿ, ಊರು ಪುತ್ತೂರಿನ ಹತ್ತಿರ. ದೊಡ್ಡವಳಿಗೆ ಈಗ ಎಂಟು ವರ್ಷ, ಚಿಕ್ಕವನಿಗೆ ನಾಲ್ಕು. ಹಬ್ಬ, ಕೋಲ, ಮದುವೆ, ಬೇಸಿಗೆ ರಜೆ ಅಂತ ವರ್ಷಕ್ಕೆ ಆರೇಳು ಸಲ ಶಿರಾಡಿ ಘಾಟಿ ಇಳಿದು ಹತ್ತುತ್ತೇವೆ.

ಈ ಪತ್ರ ಬರೆಯಬೇಕು ಅಂತ ಅನ್ನಿಸಿದ್ದು ಏಳು ವರ್ಷ ಹಳೆಯ ಒಂದು ಘಟನೆಯಿಂದ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಆಗ ದೊಡ್ಡವಳಿಗೆ ಒಂದೂವರೆ ವರ್ಷ. ಸಕಲೇಶಪುರದವರೆಗೂ ಚೆನ್ನಾಗಿಯೇ ಇದ್ದಳು. ದೋಣಿಗಾಲ್ ದಾಟಿ ಇಳಿಜಾರು ಸಿಕ್ಕಿದ್ದೇ ತಡ, ಅಳು ಶುರುವಾಯಿತು. ಬಿಸ್ಕತ್ತು ಕೊಟ್ಟೆ, ಎಸೆದಳು. ಗೊಂಬೆ ಕೊಟ್ಟೆ, ಅದನ್ನೂ ಎಸೆದಳು. ಮೊಬೈಲಿನಲ್ಲಿ ಹಾಡು ಹಾಕಿದೆ, ಇನ್ನೂ ಜೋರಾದಳು. ಅವಳ ಅಪ್ಪ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕನ್ನಡಿಯ ಮೇಲೆ ಇಟ್ಟು ಓಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬೆಲ್ಟ್ ಬಿಚ್ಚಿ, ಎತ್ತಿಕೊಂಡು, ಮುಂದಿನ ಸೀಟಿಗೆ ಬಂದು ತೊಡೆಯ ಮೇಲೆ ಕೂರಿಸಿಕೊಂಡೆ. ಎರಡು ತಿರುವು ದಾಟಿರಲಿಲ್ಲ, ಎದುರಿನಿಂದ ಒಂದು ಲಾರಿ ಇನ್ನೊಂದನ್ನು ಹಿಂದಿಕ್ಕುತ್ತಾ ನಮ್ಮ ಮೈಮೇಲೆಯೇ ಬಂತು. ಇವರು ಬ್ರೇಕ್ ಒತ್ತಿದರು. ಕಾರಿಗೆ ಏನೂ ಆಗಲಿಲ್ಲ. ಮಗು ನನ್ನ ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ನಾನು ಗಟ್ಟಿಯಾಗಿಯೇ ಹಿಡಿದುಕೊಂಡಿದ್ದೆ, ಇವತ್ತಿಗೂ ಅದು ನೆನಪಿದೆ. ಮೇಲಿನ ತುಟಿ ಸೀಳಿತ್ತು.

ಘಾಟಿ ಇಳಿದ ಮೇಲೆ ಸಿಕ್ಕ ಆಸ್ಪತ್ರೆಯಲ್ಲಿ ಎರಡು ಹೊಲಿಗೆ ಹಾಕಿದರು. ಹಾಕಿದ ಮೇಲೆ ಡಾಕ್ಟರು ಅವಳ ಕಿವಿಯನ್ನೂ ನೋಡಿ, "ನೆಗಡಿ ಇದೆಯಲ್ಲಮ್ಮಾ, ಘಾಟಿ ಇಳಿಯುವಾಗ ತುಂಬ ಅತ್ತಿರಬೇಕು" ಅಂದರು. ಹೌದು, ಎರಡು ದಿನದಿಂದ ಮೂಗು ಕಟ್ಟಿತ್ತು. ಕಿವಿ ನೋಯುತ್ತಿತ್ತು, ಅದಕ್ಕೆ ಅತ್ತಿದ್ದಳು. ನಾನು ಅದನ್ನು ಹಠ ಅಂದುಕೊಂಡಿದ್ದೆ, ಹಠಕ್ಕೆ ಏನು ಕೊಡಬೇಕೋ ಅದನ್ನೆಲ್ಲ ಕೊಟ್ಟಿದ್ದೆ.

ಆಮೇಲಿಂದ ನಮ್ಮ ಕಾರಿನಲ್ಲಿ ಮಗು ಅತ್ತರೆ ಸುಮ್ಮನಾಗಿಸುವ ಮೊದಲು ಒಂದು ನಿಮಿಷ ಯೋಚಿಸುತ್ತೇವೆ. ಈ ಮೈಗೆ ಈಗ ಏನಾಗುತ್ತಿದೆ? ನಿಮ್ಮ ಹತ್ತಿರ ನಾನು ಕೇಳಿಕೊಳ್ಳುವುದೂ ಇಷ್ಟೇ. ಉಳಿದಿದ್ದೆಲ್ಲ ಈ ಏಳು ವರ್ಷದಲ್ಲಿ ಅದರಿಂದ ಕಲಿತದ್ದು.

ಕಿವಿಯ ವಿಷಯವನ್ನೇ ತೆಗೆದುಕೊಳ್ಳಿ. ಘಾಟಿ ಇಳಿಯುತ್ತಾ ಹೋದಂತೆ ಹೊರಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿತಮಟೆಯ ಒಳಗಿನ ಗಾಳಿ ಅದಕ್ಕೆ ಸಮನಾಗಬೇಕಾದರೆ, ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದುಕೊಳ್ಳಬೇಕು. ಏನಾದರೂ ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ನೆಗಡಿಯಾದಾಗ ಊದಿಕೊಂಡು ಮುಚ್ಚಿರುತ್ತದೆ. ಕಿವಿ ಕಟ್ಟಿದರೆ ನಾವು ಉಗುಳು ನುಂಗಿ ಸರಿ ಮಾಡಿಕೊಳ್ಳುತ್ತೇವೆ. ಒಂದೂವರೆ ವರ್ಷದ ಮಗುವಿಗೆ ಆ ಉಪಾಯ ಗೊತ್ತಿಲ್ಲ, ಹೇಳಲು ಮಾತೂ ಇಲ್ಲ. ಈಗ ದೋಣಿಗಾಲಿನಿಂದ ಕೆಳಗೆ ನಾಲ್ಕೈದು ತಿರುವಿಗೊಮ್ಮೆ ಚಿಕ್ಕವನ ಸಿಪ್ಪರ್ ಬಾಟಲಿಯಿಂದ ಒಂದೊಂದು ಗುಟುಕು ನೀರು ಕುಡಿಸುತ್ತೇವೆ. ಅವನು ಕೂತಲ್ಲೇ ಕುಡಿಯುತ್ತಾನೆ, ಬೆಲ್ಟ್ ಬಿಚ್ಚುವುದಿಲ್ಲ. ಮೂಗು ತೀರಾ ಕಟ್ಟಿದ್ದರೆ ಪ್ರಯಾಣವನ್ನೇ ಎರಡು ದಿನ ಮುಂದೆ ಹಾಕುತ್ತೇವೆ. ಎದೆಹಾಲು ಕುಡಿಯುವ ಕೂಸಾದರೆ ಕಾರು ನಿಲ್ಲಿಸಿ ಕುಡಿಸಿ, ಓಡುವ ಕಾರಿನಲ್ಲಿ ಬೇಡ.

ತೊಡೆಯ ಮೇಲೆ ಕೂರಿಸಿಕೊಳ್ಳುವ ಬಗ್ಗೆ ನನಗೆ ಹೇಳುವ ಹಕ್ಕಿದೆ ಅಂದುಕೊಳ್ಳುತ್ತೇನೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಥಟ್ಟನೆ ನಿಂತರೆ, ಒಳಗೆ ಕಟ್ಟಿಕೊಳ್ಳದೆ ಕೂತವರ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿ ಮೇಲಿನಿಂದ ಬಿದ್ದರೆ ನೆಲ ಮುಟ್ಟುವಾಗ ಇರುವ ವೇಗ ಅದು. ಆ ಹೊಡೆತದಲ್ಲಿ ಯಾವ ತಾಯಿಯ ಕೈಯೂ ಹತ್ತು ಕೆಜಿ ಮಗುವನ್ನು ಹಿಡಿದು ನಿಲ್ಲಿಸಲಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕಟ್ಟದೆ ಕಾರು ಓಡಿಸಿದರೆ ಸಾವಿರ ರೂಪಾಯಿ ದಂಡವಿದೆ. ದಂಡದ ಭಯಕ್ಕೆ ಬೇಡ, ಆ ಹೊಲಿಗೆಯ ಗುರುತು ನಿಮ್ಮ ಮಗುವಿನ ತುಟಿಯ ಮೇಲೆ ಬಾರದಿರಲಿ ಎಂದು ಹೇಳುತ್ತಿದ್ದೇನೆ. ಮಕ್ಕಳ ಸೀಟು ಹಿಂದಿನ ಸೀಟಿನಲ್ಲೇ ಇರಲಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಕೂಸನ್ನು ಇಡಲೇಬೇಡಿ.

"ನಮ್ಮ ಮಗು ಆ ಸೀಟಿನಲ್ಲಿ ಕೂರುವುದೇ ಇಲ್ಲ" ಅಂತ ನೀವು ಹೇಳುವುದು ಗೊತ್ತು. ನಮ್ಮ ಚಿಕ್ಕವನೂ ಬಿಲ್ಲಿನಂತೆ ಬೆನ್ನು ಬಗ್ಗಿಸುತ್ತಿದ್ದ. ಅದಕ್ಕೆ ಸೀಟನ್ನು ಎರಡು ವಾರ ಮನೆಯ ಹಾಲ್‌ನಲ್ಲಿಯೇ ಇಟ್ಟೆವು. ಅದರಲ್ಲಿ ಕೂತು ಬಾಳೆಹಣ್ಣು ತಿಂದ, ಅಕ್ಕನ ಕೈಯಲ್ಲಿ ಕಥೆ ಕೇಳಿದ, ಕರಡಿಯನ್ನು ಅದರಲ್ಲಿ ಕೂರಿಸಿ ಬೆಲ್ಟ್ ಹಾಕಿದ. ಆಮೇಲೆ ಕಾರಿನಲ್ಲಿಟ್ಟು ತರಕಾರಿ ಮಾರ್ಕೆಟ್ಟಿನವರೆಗೆ ಹೋಗಿಬಂದೆವು. ದೂರದ ಪ್ರಯಾಣದ ದಿನವೇ ಸೀಟಿನ ಮೊದಲ ದಿನವಾದರೆ ಯಾವ ಮಗುವೂ ಒಪ್ಪುವುದಿಲ್ಲ. ಹೊಸ ಸೀಟಿಗೆ ದುಡ್ಡು ಜಾಸ್ತಿ, ಅದು ನಿಜ. ನಮ್ಮದು ಅಣ್ಣನ ಮಗಳು ಬೆಳೆದ ಮೇಲೆ ಬಂದದ್ದು. ಹಾಗೆ ಪಡೆಯುವಾಗ ಅದು ಅಪಘಾತಕ್ಕೆ ಸಿಕ್ಕಿದ್ದ ಕಾರಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಇನ್ನು ವಾಂತಿ. ಘಾಟಿಯ ಕೆಳಗಿನ ಊರುಗಳಿಗೆ ಸೊಸೆಯಾಗಿ, ಅಳಿಯನಾಗಿ ಹೋದವರೆಲ್ಲ ಬಲ್ಲ ಸಂಕಟ ಇದು.

ನಮ್ಮ ಒಳಕಿವಿಯಲ್ಲಿ ಮೈಯ ಸಮತೋಲ ನೋಡಿಕೊಳ್ಳುವ ಅಂಗವಿದೆ. ತಿರುವಿನಲ್ಲಿ ಮೈ ವಾಲುತ್ತಿದೆ, ತಿರುಗುತ್ತಿದೆ ಎಂದು ಅದು ಮಿದುಳಿಗೆ ಹೇಳುತ್ತಿರುತ್ತದೆ. ಕಣ್ಣು ಆಗ ಮೊಬೈಲನ್ನೋ ಮುಂದಿನ ಸೀಟಿನ ಬೆನ್ನನ್ನೋ ನೋಡುತ್ತಿದ್ದರೆ, ಏನೂ ಅಲುಗಾಡುತ್ತಿಲ್ಲ ಅನ್ನುತ್ತದೆ. ಎರಡು ಸುದ್ದಿಗೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ, ಅಲ್ಲಿಂದ ಹನ್ನೆರಡರವರೆಗೆ ಹೆಚ್ಚು. ಕಾರು ಓಡಿಸುವವರಿಗೆ ವಾಂತಿ ಬಾರದಿರುವುದೂ ಇದೇ ಕಾರಣಕ್ಕೆ, ಅವರ ಕಣ್ಣು ಸದಾ ಮುಂದಿನ ತಿರುವಿನ ಮೇಲೆ ಇರುತ್ತದೆ. ಮಕ್ಕಳು ಗಿಡ್ಡ, ತಗ್ಗಿನಲ್ಲಿ ಕೂತವರಿಗೆ ಹೊರಗಿನದೇನೂ ಕಾಣುವುದಿಲ್ಲ. ದೊಡ್ಡವಳನ್ನು ಬೂಸ್ಟರ್ ಸೀಟಿನ ಮೇಲೆ ಎತ್ತರಕ್ಕೆ ಕೂರಿಸಿ ಮುಂದಿನ ಗಾಜು ಕಾಣುವಂತೆ ಮಾಡಿದ ಮೇಲೆ ಅವಳ ವಾಂತಿ ಅರ್ಧಕ್ಕರ್ಧ ಕಡಿಮೆಯಾಯಿತು.

ಉಳಿದರ್ಧ ಕಡಿಮೆಯಾದದ್ದು ಡ್ಯಾಶ್‌ಬೋರ್ಡಿನ ಮೇಲಿದ್ದ ಸೆಂಟಿನ ಡಬ್ಬಿಯನ್ನು ಕಿತ್ತು ಬಿಸಾಕಿದಾಗ. ಕಾರು ಕೊಂಡಾಗ ಪ್ರೀತಿಯಿಂದ ತಂದಿದ್ದು ಅದು. ಮುಚ್ಚಿದ ಗಾಜು, ಎಸಿ ಗಾಳಿ, ಮಲ್ಲಿಗೆಯ ಕೃತಕ ವಾಸನೆ, ಎದುರು ಮೀನಿನ ಲಾರಿ! ದೊಡ್ಡವರಿಗೇ ತಲೆ ತಿರುಗುತ್ತದೆ. ಘಾಟಿಯಲ್ಲಿ ಮಳೆ ಇಲ್ಲದಿದ್ದರೆ ಎಸಿ ಆರಿಸಿ ಗಾಜು ಸ್ವಲ್ಪ ಇಳಿಸಿ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಹಾಸನದ ಹತ್ತಿರ ಎರಡು ಇಡ್ಲಿ ಸಾಕು, ಪೂರಿ-ಸಾಗು, ಮಸಾಲೆ ದೋಸೆ, ಹಾಲು ಇವೆಲ್ಲ ಊರಿಗೆ ಹೋದ ಮೇಲೆ. ಶೇಂಗಾ, ಹುರಿಗಡಲೆ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರ್‌ಮೆಂಟ್ ಇಂಥವನ್ನು ಓಡುವ ಕಾರಿನಲ್ಲಿ ಪುಟ್ಟ ಮಕ್ಕಳ ಬಾಯಿಗೆ ಕೊಡಬೇಡಿ. ಒಂದು ಹಂಪ್ ಸಾಕು ಗಂಟಲಲ್ಲಿ ಸಿಕ್ಕಿಕೊಳ್ಳಲು. ಮಗು ಸುಮ್ಮನಾಗಿ, ಮುಖ ಬಿಳಿಚಿ, ಪದೇ ಪದೇ ಆಕಳಿಸತೊಡಗಿದರೆ ವಾಂತಿಗೆ ಇನ್ನು ಐದು ನಿಮಿಷ ಉಳಿದಿದೆ ಎಂದು ತಿಳಿಯಿರಿ. ಗದ್ದಲ ಮಾಡುತ್ತಿದ್ದ ಮಕ್ಕಳು ಏಕಾಏಕಿ ಶಾಂತರಾದರೆ ನಾವು ಖುಷಿಪಡುತ್ತೇವೆ. ಘಾಟಿಯಲ್ಲಿ ಮಾತ್ರ ಕೂಡಲೇ ತಿರುಗಿ ಮುಖ ನೋಡಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮಗು ದಾರಿಯುದ್ದಕ್ಕೂ ಮಲಗಲಿ ಎಂದು ನಿದ್ದೆ ಬರಿಸುವ ನೆಗಡಿ ಔಷಧಿ ಕುಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ವಾಂತಿಯ ಔಷಧಿಯೂ ಅಷ್ಟೇ, ನಿಮ್ಮ ಮಕ್ಕಳ ಡಾಕ್ಟರು ತೂಕ ನೋಡಿ ಬರೆದುಕೊಟ್ಟರೆ ಮಾತ್ರ.

ಮೊಬೈಲಿನ ವಿಷಯ ಬರಲೇಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು ಎಂದು. ಈ ಲೆಕ್ಕ ಮೀರುವ ದಿನಗಳೂ ಇರುತ್ತವೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲಿನ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಎಷ್ಟೋ ಜನ ಮಕ್ಕಳನ್ನು ಕಟ್ಟಿಕೊಂಡು ಗಂಟೆಗಟ್ಟಲೆ ದಾರಿಯಲ್ಲೇ ಉಳಿದರು. ನಿಂತ ಕಾರಿನಲ್ಲಿ ಆ ಹೊತ್ತು ಮಗುವಿನ ಕೈಗೆ ಮೊಬೈಲ್ ಕೊಟ್ಟ ತಾಯಿಯನ್ನು ನಾನು ತಪ್ಪು ಎನ್ನಲಾರೆ. ಆದರೆ ತಿರುವುಗಳಲ್ಲಿ ಕೊಡಬೇಡಿ, ಕಾರಣ ಮೇಲೆ ಹೇಳಿದ್ದೇನೆ. ಸ್ಪೀಕರಿನಲ್ಲಿ ಕಥೆ ಹಾಕಿ, ಹಾಡು ಹಾಕಿ. ಅವು ಕಿವಿಗೆ ಬರುತ್ತವೆ, ಕಣ್ಣು ಕಿಟಕಿಯ ಆಚೆ ಇರುತ್ತದೆ.

ಹೊರಡುವ ಹೊತ್ತಿನ ಬಗ್ಗೆ ನಿಮ್ಮಲ್ಲಿ ಕೆಲವರು ನನ್ನೊಡನೆ ಜಗಳವಾಡಬಹುದು. ಮಕ್ಕಳು ಮಲಗಿರುತ್ತಾರೆಂದು ರಾತ್ರಿ ಹತ್ತಕ್ಕೆ ಹೊರಡುವವರು ಬಹಳ. ಇಡೀ ದಿನ ಆಫೀಸು ಮುಗಿಸಿದವರು ಮಧ್ಯರಾತ್ರಿ ಎರಡಕ್ಕೆ, ಮಂಜಿನಲ್ಲಿ, ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರುಗಳ ಹಿಂದೆ ಘಾಟಿ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಮಗುವಿನ ನಿದ್ದೆ ಉಳಿಸಲು ಹೋಗಿ ಅಪ್ಪನ ನಿದ್ದೆ ಕಳೆಯಬಾರದು. ನಾವು ಬೆಳಗಿನ ಐದಕ್ಕೆ ಹೊರಡುತ್ತೇವೆ. ಮಕ್ಕಳನ್ನು ರಾತ್ರಿಯ ಬಟ್ಟೆಯಲ್ಲೇ ಎತ್ತಿ ಸೀಟಿಗೆ ಹಾಕುತ್ತೇವೆ. ಕುಣಿಗಲ್ ದಾಟುವಾಗ ಎಚ್ಚರ. ಬೆಳ್ಳೂರು ಕ್ರಾಸಿನಲ್ಲಿ ಮುಖ ತೊಳೆದು ಓಡಾಡಿಸುತ್ತೇವೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಲೇಬೇಕೆಂಬುದು ನಮ್ಮ ಮನೆಯ ಕಟ್ಟಳೆ. ಹತ್ತು ನಿಮಿಷ ನೆಲದ ಮೇಲೆ ಓಡಿದ ಮಗು ಮುಂದಿನ ಒಂದು ಗಂಟೆ ಕಟ್ಟಿ ಕೂರುವುದನ್ನು ಸಹಿಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು ಉಚಿತವಾಗಿ ಸಿಗಬೇಕು. ಬೀಗ ಹಾಕಿದ್ದರೆ ಕೀ ಕೇಳಿ ತೆಗೆಸಿ, ಸಂಕೋಚ ಬೇಡ. ಸಮಯವಿದ್ದರೆ ಸಕಲೇಶಪುರ ದಾಟಿದ ಮೇಲೆ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತಿಸಿ. ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆ. ಇಳಿದು ಬಂದ ಮಕ್ಕಳು ಘಾಟಿಯಲ್ಲಿ ತಾವಾಗಿಯೇ ತೂಕಡಿಸುತ್ತಾರೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ.

"ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆಗೆ "ಇನ್ನು ಮೂರು ಗಂಟೆ" ಎಂದರೆ ನಾಲ್ಕು ವರ್ಷದವನಿಗೆ ಏನೂ ಅರ್ಥವಾಗುವುದಿಲ್ಲ. ಅದಕ್ಕೆ ಒಂದು ಉದ್ದನೆಯ ರಟ್ಟಿನ ಪಟ್ಟಿಯ ಮೇಲೆ ನಮ್ಮ ದಾರಿ ಬರೆದೆವು. ಟೋಲ್ ಗೇಟು, ಕುಣಿಗಲ್ಲಿನ ಕುದುರೆ, ಇಡ್ಲಿ ತಟ್ಟೆ, ಹಾಸನಕ್ಕೆ ಆಲೂಗಡ್ಡೆ, ಹೇಮಾವತಿಯ ಸೇತುವೆ, ಹಾವಿನಂಥ ಘಾಟಿ, ಉಪ್ಪಿನಂಗಡಿ, ಕೊನೆಗೆ ಅಜ್ಜಿ. ಒಂದು ಬಟ್ಟೆ ಕ್ಲಿಪ್ಪು ನಮ್ಮ ಕಾರು. ಪ್ರತಿ ಜಾಗ ಬಂದಾಗ ಚಿಕ್ಕವನು ಅದನ್ನು ಮುಂದಕ್ಕೆ ಸರಿಸುತ್ತಾನೆ. ಈಗ ಅವನು ಎಷ್ಟು ದೂರ ಎಂದು ಕೇಳುವುದಿಲ್ಲ, "ಆಲೂಗಡ್ಡೆ ಇನ್ನೂ ಬಂದಿಲ್ಲ" ಅನ್ನುತ್ತಾನೆ.

ದೊಡ್ಡವಳಿಗೆ ನಂಬರ್ ಪ್ಲೇಟಿನ ಹುಚ್ಚು. ಚನ್ನರಾಯಪಟ್ಟಣ ಹತ್ತಿರವಾದಂತೆ ಬೆಂಗಳೂರಿನ ಕೆಎ 01, 02, 03ಗಳು ತೆಳುವಾಗಿ ಹಾಸನದ 13 ದಟ್ಟವಾಗುತ್ತದೆ. ಕಾಫಿ ತೋಟ ಶುರುವಾದಾಗ ಸಕಲೇಶಪುರದ 46. ಘಾಟಿ ಇಳಿದದ್ದೇ ಪುತ್ತೂರಿನ 21, ಮಂಗಳೂರಿನ 19. ನಡುನಡುವೆ ಚಿಕ್ಕಮಗಳೂರಿನ 18, ಮಡಿಕೇರಿಯ 12, ಉಡುಪಿಯ 20. ಬೆಂಗಳೂರಿನಲ್ಲೇ 21 ಕಂಡರೆ "ನಮ್ಮೂರಿನವರು!" ಎಂದು ಕೂಗುತ್ತಾಳೆ. ಆರು ವರ್ಷ ತುಂಬುವುದರೊಳಗೆ ಅವಳ ತಲೆಯಲ್ಲಿ ಕರ್ನಾಟಕದ ನಕ್ಷೆ ಹೀಗೆ ಅಂಕಿಗಳಲ್ಲೇ ಮೂಡಿತ್ತು. ಮೈಲಿಗಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಉಪ್ಪಿನಂಗಡಿಯಲ್ಲಿ ದೊಡ್ಡ ರಸ್ತೆ ಬಿಟ್ಟ ಮೇಲೆ ಯಾವ ಬಣ್ಣ ಸಿಗುತ್ತದೆಂದು ಅಕ್ಕ-ತಮ್ಮನಿಗೆ ಪಂದ್ಯ.

ಕಿಟಕಿಯ ಆಚೆ ಬೆಳೆ ಬದಲಾಗುವುದನ್ನೂ ತೋರಿಸಿ. ತೆಂಗು-ರಾಗಿ ಹೋಗಿ ಆಲೂಗಡ್ಡೆ-ಜೋಳ, ಆಮೇಲೆ ಸಿಲ್ವರ್ ಓಕಿನ ನೆರಳಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಕೆಳಗಿಳಿದರೆ ರಬ್ಬರ್, ಅಡಿಕೆ. ಒಗಟು ಹಳೆಯದೇ ಆಗಬೇಕೆಂದಿಲ್ಲ, ಕಂಡದ್ದರ ಮೇಲೆ ಕಟ್ಟಿಸಿ. ರಬ್ಬರ್ ತೋಟ ನೋಡಿ ನಮ್ಮವಳು ಕಟ್ಟಿದ್ದು: "ಸಾಲಾಗಿ ನಿಂತಿದ್ದಾರೆ, ಎಲ್ಲರ ಹೊಟ್ಟೆಗೂ ಕಪ್ಪು ಬಟ್ಟಲು, ಹಸುವಲ್ಲ, ಹಾಲು ಕೊಡ್ತಾರೆ."

ನಮ್ಮ ಕಾರಿನ ದೊಡ್ಡ ಕಥೆ ಮಾತ್ರ ನೀರಿನದು. ಪ್ರತಿ ಸಲವೂ ಅದನ್ನು ಹೇಳಲೇಬೇಕು. ಬೆಟ್ಟದ ತುದಿಯಲ್ಲಿ ಒಂದೇ ಮೋಡದಿಂದ ಎರಡು ಹನಿ ಬೀಳುತ್ತವೆ, ಅಕ್ಕ ಆ ಕಡೆಗೆ, ತಮ್ಮ ಈ ಕಡೆಗೆ. ಅಕ್ಕ ಹೇಮಾವತಿ ಸೇರಿ, ಗೊರೂರಿನ ಅಣೆಕಟ್ಟಿನಲ್ಲಿ ಸ್ವಲ್ಪ ದಿನ ಇದ್ದು, ಕಾವೇರಿಯಾಗಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ತಮ್ಮ ನಮ್ಮ ಕಾರಿನ ಜೊತೆಯಲ್ಲೇ ಘಾಟಿ ಇಳಿಯುತ್ತಾನೆ. ರಸ್ತೆಯ ಪಕ್ಕದ ಕೆಂಪುಹೊಳೆಯಲ್ಲಿ ಬಂಡೆ ಹಾರಿ, ಗುಂಡ್ಯ ದಾಟಿ, ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಕೈ ಹಿಡಿದು ಮಂಗಳೂರಿನ ಕಡಲಿಗೆ. ಈ ಕಥೆ ಹೇಳಲು ಘಾಟಿಯಷ್ಟೇ ಹೊತ್ತು ಬೇಕು, ಸುಮಾರು 26 ಕಿಲೋಮೀಟರ್. ಮಕ್ಕಳ ಕಣ್ಣು ಅಷ್ಟು ಹೊತ್ತೂ ಹೊಳೆಯ ಮೇಲೆ, ಮುಂದಿನ ತಿರುವಿನ ಮೇಲೆ. ಕಳೆದ ಸಲ ಚಿಕ್ಕವನು ಕೇಳಿದ: "ಅಕ್ಕ-ತಮ್ಮ ಮತ್ತೆ ಸಿಗಲ್ವಾ ಅಮ್ಮಾ?" ಕನ್ಯಾಕುಮಾರಿಯ ಕೆಳಗೆ ಎರಡು ಕಡಲೂ ಸೇರುತ್ತವೆ ಎಂದೆ. ಅವನು ಅದನ್ನು ರಟ್ಟಿನ ಪಟ್ಟಿಯ ಹಿಂಬದಿಯಲ್ಲಿ ನೀಲಿ ಬಣ್ಣದಲ್ಲಿ ಗೀಚಿದ್ದಾನೆ.

ಇಷ್ಟೆಲ್ಲ ಹೇಳಿದೆನೆಂದು ದಾರಿಯುದ್ದಕ್ಕೂ ಆಡಿಸುತ್ತಲೇ ಇರಬೇಕು ಎಂದುಕೊಳ್ಳಬೇಡಿ. ಬೆಳ್ಳೂರು ಕ್ರಾಸಿನಿಂದ ಚನ್ನರಾಯಪಟ್ಟಣದವರೆಗೆ ನಮ್ಮ ಕಾರಿನಲ್ಲಿ ಎಷ್ಟೋ ಸಲ ಯಾರೂ ಮಾತಾಡುವುದಿಲ್ಲ. ಮಗು ಗಾಜಿಗೆ ಮೂಗು ಒತ್ತಿ ಸುಮ್ಮನೆ ನೋಡುತ್ತಿದ್ದರೆ ಅದನ್ನು ಹಾಗೇ ಬಿಡಿ. "ನೋಡು ನೋಡು, ಎಮ್ಮೆ" ಎಂದು ಎಬ್ಬಿಸುವುದು ಬೇಡ.

ಊರಿನಲ್ಲಿ ಕಾಯುತ್ತಿರುವ ಅಜ್ಜ-ಅಜ್ಜಿಯರಿಗೂ ಈ ಪತ್ರವನ್ನು ಓದಿ ಹೇಳಿ. ಅರ್ಧ ಗಂಟೆಗೊಮ್ಮೆ "ಎಲ್ಲಿಗೆ ಮುಟ್ಟಿದಿರಿ?" ಎಂದು ಫೋನು ಬಂದಾಗಲೆಲ್ಲ ಓಡಿಸುವವರ ಕಾಲು ಆಕ್ಸಿಲರೇಟರಿನ ಮೇಲೆ ಇನ್ನಷ್ಟು ಊರುತ್ತದೆ. ಒಂದು ನಿಲುಗಡೆ ತಪ್ಪುತ್ತದೆ, ಅಲ್ಲಿ ಓಡಾಡಬೇಕಿದ್ದ ಮಗು ಕಾರಿನಲ್ಲಿ ಕಿರುಚುತ್ತದೆ. ನಮ್ಮ ಅತ್ತೆಗೆ ಇದನ್ನು ಹೇಳಲು ನನಗೆ ಐದು ವರ್ಷ ಬೇಕಾಯಿತು. ಹೇಳಿದ ದಿನ ಅವರು ಬೇಸರಿಸಲಿಲ್ಲ. "ಹಾಗಾದರೆ ಗುಂಡ್ಯದಲ್ಲಿ ನೀವೇ ಒಂದು ಫೋನ್ ಮಾಡಿ, ಊಟಕ್ಕೆ ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ" ಅಂದರು. ಈಗ ಹಾಗೆಯೇ ನಡೆಯುತ್ತಿದೆ.

ಕಳೆದ ಸಲ ಅಂಗಳ ತಲುಪಿದಾಗ ಹನ್ನೆರಡೂವರೆ. ಉಪ್ಪಿನಂಗಡಿ ದಾಟಿದ್ದೇ ಇಬ್ಬರಿಗೂ ನಿದ್ದೆ ಬಂದಿತ್ತು, ಕ್ಲಿಪ್ಪು ಇನ್ನೂ ಉಪ್ಪಿನಂಗಡಿಯಲ್ಲೇ ಇತ್ತು. ಇವರು ಎಂಜಿನ್ ಆರಿಸಿ ನಾಲ್ಕೂ ಗಾಜು ಇಳಿಸಿದರು. ನಾನು ಹಿಂದೆ ಮಕ್ಕಳ ಜೊತೆಯಲ್ಲೇ ಕೂತೆ. ಅತ್ತೆ ಒಳಗಿನಿಂದ ಬಂದವರು ಬಾಗಿಲು ತೆಗೆಯಲಿಲ್ಲ, ಕೂಗಲೂ ಇಲ್ಲ. ಚಿಕ್ಕವನ ಕಡೆಯ ಕಿಟಕಿಯ ಹತ್ತಿರ ನಿಂತು, ಅವನ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದುಕೊಂಡರು.

ಇತಿ,
ಮುಂದಿನ ಶನಿವಾರವೂ ಅದೇ ದಾರಿಯಲ್ಲಿ ಸಿಗಲಿರುವ,
ಇಬ್ಬರು ಮಕ್ಕಳ ಅಮ್ಮ